ಡಬ್ಬಿಯ ತಳದ ಸಕ್ಕರೆ

"ಮುಟ್ಬೇಡ!"

ಶರಣ್ಯಾ ಕೂಗಿದ ರಭಸಕ್ಕೆ ಮಯೂರ್‌ನ ಕೈ ಮುಚ್ಚಳದಿಂದ ಒಂದು ಗೇಣು ದೂರದಲ್ಲೇ ನಿಂತುಬಿಟ್ಟಿತು. ಮೇಜಿನ ಮೇಲಿದ್ದದ್ದು ಊಟದ ತಟ್ಟೆಯಷ್ಟು ಅಗಲದ ಒಂದು ತಗಡಿನ ಡಬ್ಬಿ. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನ ಫಿಲ್ಮ್ ಭಂಡಾರದ ಗೇಟಿನ ಪಕ್ಕ, ಕಸದ ತೊಟ್ಟಿಗಳ ಹಿಂದೆ, ಯಾರೋ ಅದನ್ನು ಬಟ್ಟೆಯ ಚೀಲದಲ್ಲಿ ಇಟ್ಟುಹೋಗಿದ್ದರು.

ಬುಧವಾರ ಮಧ್ಯಾಹ್ನ ಒಂದು ಹತ್ತಕ್ಕೆ ತಂಪುಕೋಣೆಯಿಂದ ಕಳುವಾದ ಡಬ್ಬಿ ಅದೇ. ಬಾಗಿಲು ತೆರೆದದ್ದು ಅಲ್ಲಿನ ರೀಲುಗಳನ್ನು ಕಾಪಾಡುವ ಶರಣ್ಯಾಳ ಕಾರ್ಡು. ತೆರೆದವಳು ಶರಣ್ಯಾ ಅಲ್ಲ. ಪೊಲೀಸರು ಇದನ್ನು ನಂಬಿದ್ದಾರೋ ಇಲ್ಲವೋ, ಇವತ್ತು ಸೋಮವಾರವಾದರೂ ಅವಳಿಗೆ ತಿಳಿದಿರಲಿಲ್ಲ.

"ಇಟ್ಸ್ ಜಸ್ಟ್ ಎ ಟಿನ್," ಎಂದ ಮಯೂರ್. ಅವನು ಭಂಡಾರದ ಸ್ಕ್ಯಾನಿಂಗ್ ವಿಭಾಗದವನು. ಹ್ಯಾರೋದಲ್ಲೇ ಹುಟ್ಟಿ ಬೆಳೆದವನಾದ್ದರಿಂದ ಕನ್ನಡವೆಲ್ಲ ಕಿವಿಗೆ ಹೋಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

"ಒಳಗೆ ಏನಿದೆ ಅಂತ ಗೊತ್ತಿದ್ದೂ ಹಾಗೆ ಹೇಳ್ತೀಯಲ್ಲ!"

ಆ ಡಬ್ಬಿಯೊಳಗೆ ಇರಬೇಕಾದದ್ದು ನೈಟ್ರೇಟ್ ಫಿಲ್ಮ್. ನೂರು ವರ್ಷದ ಹಿಂದಿನ ಮೂಕಿ ಚಿತ್ರಗಳೆಲ್ಲ ಅದರ ಮೇಲೇ. ಹಳಸಿ ಅಂಟಂಟಾದ ನೈಟ್ರೇಟಿಗೆ ಬೆಂಕಿಕಡ್ಡಿ ಗೀರಬೇಕಾಗಿಲ್ಲ, ನಲವತ್ತು ಡಿಗ್ರಿಯ ಸೆಕೆ ಸಾಕು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು, ಉರಿಯಲು ಬೇಕಾದ ಗಾಳಿಯನ್ನು ಅದು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಅದರ ಹಳದಿ ಹೊಗೆಯಂತೂ ಬೆಂಕಿಗಿಂತ ಕೆಟ್ಟದ್ದು. ಹೊರಗೆ ಆಗಲೇ ಮೂವತ್ತಾರು ಡಿಗ್ರಿ. ಸಂಜೆಯೊಳಗೆ ಮೂವತ್ತೆಂಟಕ್ಕೆ ಏರುತ್ತದೆ ಎಂದು ಬೆಳಗಿನಿಂದ ರೇಡಿಯೋದವರು ಹೇಳುತ್ತಲೇ ಇದ್ದರು.

ಐದು ದಿನಗಳಿಂದ ಅವಳು ನಿದ್ದೆ ಮಾಡಿರಲಿಲ್ಲ. ಕೆಲಸ ಹೋದೀತೆಂಬ ಭಯ ಇತ್ತು, ಸುಳ್ಳಲ್ಲ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಬೇರೆ: ಲಂಡನ್ನಿನ ಯಾವುದೋ ಮನೆಯ ಕಪಾಟಿನಲ್ಲಿ ಬೆಚ್ಚಗೆ ಕೂತ ಆ ರೀಲು, ಪಕ್ಕದ ಕೋಣೆಯಲ್ಲಿ ಏನೂ ತಿಳಿಯದೆ ಮಲಗಿದ ಜನ.

"ತಡಿ ತಂಗಿ, ಮೊದಲ ಉಸರು ಬಿಡು. ಆಮ್ಯಾಲ ಡಬ್ಬಿ ನೋಡೂಣಂತ."

ಹೇಳಿದವರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಡಾಕ್ಟರ್ ವಿಶಾಲಾಕ್ಷಿ. ಧಾರವಾಡದವರು. ಮೂವತ್ತೊಂದು ವರ್ಷ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಹೆಣ ಕೊಯ್ದು ಸಾವಿನ ಕಾರಣ ಹೇಳಿ ನಿವೃತ್ತರಾದವರು. ಗುರುವಾರ ಶರಣ್ಯಾ ಅಳುತ್ತ ಅವರ ಮನೆಬಾಗಿಲಿಗೆ ಹೋದಾಗ, "ಹೆಣ ಇಲ್ಲದ ಕೇಸು, ಹೆಂಗ ಮಾಡ್ಲಿ?" ಎಂದು ಗೊಣಗಿದ್ದರು. ಗೊಣಗುತ್ತಲೇ ಚಪ್ಪಲಿ ಮೆಟ್ಟಿದ್ದರು.

ಶರಣ್ಯಾ ಉಷ್ಣತೆ ಅಳೆಯುವ ಯಂತ್ರವನ್ನು ಡಬ್ಬಿಯತ್ತ ಹಿಡಿದಳು. ಮೂವತ್ತೆರಡು. ಕೈಗವಸು ತೊಟ್ಟು ಎತ್ತಿ ನೋಡಿದಳು. ಹಗುರ. ಇರಬೇಕಾದ ತೂಕದ ಕಾಲುಭಾಗವೂ ಇರಲಿಲ್ಲ.

ಉಸಿರು ಬಿಗಿಹಿಡಿದು ಮುಚ್ಚಳ ತೆಗೆದಳು.

ರೀಲಿರಲಿಲ್ಲ. ತಳದಲ್ಲಿ ಒಂದು ಹಿಡಿಯಷ್ಟು ಬಿಳಿಯ ಹರಳು ಮಿನುಗುತ್ತಿತ್ತು.

"ವಾಟ್ ಇಸ್ ದ್ಯಾಟ್? ಕೆಮಿಕಲ್?" ಮಯೂರ್ ಎರಡು ಹೆಜ್ಜೆ ಹಿಂದೆ ಸರಿದ.

ವಿಶಾಲಾಕ್ಷಿ ಎದ್ದು ಬಂದು, ಕನ್ನಡಕ ಹಣೆಗೇರಿಸಿ, ಬಗ್ಗಿ ನೋಡಿದರು. ಹರಳೊಂದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಅವರು ನಕ್ಕದ್ದನ್ನು ಕಂಡು ಶರಣ್ಯಾಳಿಗೆ ಸಿಟ್ಟೇ ಬಂತು.

"ವಿಷ ಅಲ್ಲ, ಮಣ್ಣಲ್ಲ. ಸಕ್ಕರಿ ಅದ."

"ಸಕ್ಕರೇನಾ?"

"ಸಕ್ಕರಿನs. ಇನ್ನ ಈ ಅಂಚು ನೋಡು."

ಡಬ್ಬಿಯ ಹೊರಮೈ ಲಕಲಕ ಹೊಳೆಯುತ್ತಿತ್ತು. ಬುಧವಾರದವರೆಗೆ ಅದರ ಮೇಲೆ ನೂರು ವರ್ಷದ ತುಕ್ಕಿತ್ತು. ಅದನ್ನೆಲ್ಲ ಯಾರೋ ಉಜ್ಜಿ ತೆಗೆದಿದ್ದರು. ಮುಚ್ಚಳದ ಮಡಿಕೆಯಲ್ಲಿ ಕಂದು ಬಣ್ಣದ ಒಂದು ಎಳೆ ಸಿಕ್ಕಿಕೊಂಡಿತ್ತು. ವಿಶಾಲಾಕ್ಷಿ ಅದನ್ನು ಮೂಸಿ ನೋಡಿ ಶರಣ್ಯಾಳ ಮೂಗಿನ ಹತ್ತಿರ ಹಿಡಿದರು.

"ಹುಣಸೆಹಣ್ಣಿನ ನಾರು," ಎಂದಳು ಶರಣ್ಯಾ.

"ಗೇಟಿನ ಕ್ಯಾಮೆರಾದಾಗ ಏನ್ ಕಾಣಸ್ತು?"

"ಒಂದು ಕಪ್ಪು ಕೊಡೆ. ಮುಖ ಕಾಣಲ್ಲ."

"ಮಳಿ ಇಲ್ಲ, ಮೋಡ ಇಲ್ಲ. ಈ ಊರಾಗ ಬಿಸಲು ಬಂದ್ರ ಮಂದಿ ಅಂಗಿ ಬಿಚ್ಚಿ ಹುಲ್ಲಿನ ಮ್ಯಾಲ ಮಲಗತಾರ. ಬಿಸಲಿಗೆ ಕೊಡಿ ಹಿಡಿಯೋರು ಯಾರು?"

ಶರಣ್ಯಾಳ ಕಣ್ಣು ಸಕ್ಕರೆಯ ಮೇಲೇ ಇತ್ತು. ಮೈಸೂರಿನಲ್ಲಿ ಅವಳ ಅಮ್ಮ ಪಕ್ಕದ ಮನೆಯ ಡಬ್ಬಿಯನ್ನು ಒಮ್ಮೆಯೂ ಖಾಲಿಯಾಗಿ ಹಿಂತಿರುಗಿಸಿದವರಲ್ಲ. ತಿಂಡಿ ಇದ್ದರೆ ತಿಂಡಿ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಬರಿ ಡಬ್ಬಿ ಕೊಡಬಾರದು ಎಂದು ಕಲಿತ ಕೈ ಕದ್ದ ಮಾಲಿನ ಡಬ್ಬಿಯನ್ನೂ ಬರಿದಾಗಿ ಕೊಡಲಾರದೆ ಹೋಗಿತ್ತು.

ಒಂದು ಕ್ಷಣ ಅವಳಿಗೂ ನಗು ಬಂತು, ಮರುಕ್ಷಣವೇ ಆರಿಹೋಯಿತು. ಇದು ಎಲ್ಲಿಯದೋ ಕಳ್ಳರ ಗುಂಪಲ್ಲ, ತನ್ನವರೇ. ಹಬ್ಬದಲ್ಲಿ ತನ್ನ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಂಡವರು.

"ಈ ಭಂಡಾರದ ದಾರಿ ಗೊತ್ತಿರೋ ಕನ್ನಡದ ಮನಿ ಎಷ್ಟವ?" ವಿಶಾಲಾಕ್ಷಿ ಕೇಳಿದರು.

"ಮೂರೇ. ಮಯೂರ್‌ದು..."

"ಡೋಂಟ್ ಲುಕ್ ಅಟ್ ಮಿ. ನಮ್ಮನೇಲಿ ಸಕ್ಕರೆನೇ ಇಲ್ಲ," ಎಂದು ಮಯೂರ್ ಗಾಬರಿಯಲ್ಲಿ ಅಪ್ಪಟ ಕನ್ನಡವನ್ನೇ ಆಡಿಬಿಟ್ಟ.

"ಉದಯಶಂಕರ್ ಅಂಕಲ್‌ದು. ಆಮೇಲೆ ನಮ್ಮದು."

"ಹೂಂ, ನಿಮ್ಮದು," ಎಂದಷ್ಟೇ ಹೇಳಿ ವಿಶಾಲಾಕ್ಷಿ ಕಾರಿನ ಕೀಲಿ ತೆಗೆದುಕೊಂಡರು.

ಪೊಲೀಸ್ ಅಧಿಕಾರಿಗೆ ಮಯೂರ್ ಫೋನು ಮಾಡಿದ. ಸಕ್ಕರೆಯನ್ನು ಪ್ರಯೋಗಾಲಯಕ್ಕೆ ಕಳಿಸೋಣ, ಗುರುವಾರದ ಹೊತ್ತಿಗೆ ವರದಿ ಬರಬಹುದು ಎಂದು ಆ ಪುಣ್ಯಾತ್ಮ ಹೇಳಿದ. ಗುರುವಾರದವರೆಗೆ ಕಾಯಲು ರೀಲಿಗೆ ಪುರುಸೊತ್ತಿರಲಿಲ್ಲ. ಡಬ್ಬಿಯ ಕಾವಲಿಗೆ ಮಯೂರ್‌ನನ್ನು ಬಿಟ್ಟು ಇಬ್ಬರೂ ಹೊರಟರು.

*

ವಿಶಾಲಾಕ್ಷಿಯವರ ಹಳೆಯ ಕಾರಿನಲ್ಲಿ ತಂಪುಯಂತ್ರ ಕೆಟ್ಟು ಎರಡು ವರ್ಷವಾಗಿತ್ತು. ವೇಗ ಅಳೆಯುವ ಕ್ಯಾಮೆರಾಗಳ ಭಯಕ್ಕೆ ಅವರು ಇಪ್ಪತ್ತು ಮೈಲಿ ವೇಗದ ಮೇಲೆ ಮುಳ್ಳನ್ನು ಏರಗೊಡುತ್ತಿರಲಿಲ್ಲ. ಉದಯಶಂಕರ್ ಅವರ ಮನೆಯಿದ್ದ ಕ್ವೀನ್ಸ್‌ಬರಿ ಬರುವಷ್ಟರಲ್ಲಿ ಲಂಡನ್ ಉಳಿದಿರುತ್ತದೋ ಇಲ್ಲವೋ ಎಂದು ಶರಣ್ಯಾ ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಹಣೆ ಒರೆಸಿಕೊಂಡಳು.

"ನನಗಿನ್ನೂ ಒಂದು ತಿಳೀವಲ್ದು," ಎಂದರು ವಿಶಾಲಾಕ್ಷಿ. "ಕುದುರಿ ಸವಾರರು ಗುಂಡು ಹಾರಸೋ ಹಳೀ ಅಮೆರಿಕದ ಸಿನೆಮಾ. ಆರು ರೀಲಿನಾಗ ನಾಲ್ಕನೇದನ್ನs ಯಾಕ ಕದೀಬೇಕು?"

"ಪ್ರಪಂಚದಲ್ಲಿ ಅಂಥದ್ದು ಅದೊಂದೇ ಇರೋದು, ಡಾಕ್ಟ್ರೇ."

'ಡ್ರೈ ಫೋರ್ಕ್ ಕೋಟೆಯ ಕಹಳೆ' ಎಂಬುದು ಚಿತ್ರದ ಹೆಸರು. ಗಡಿನಾಡಿನ ಒಂದು ಮರದ ಕೋಟೆ, ಬತ್ತಿದ ಹೊಳೆ, ಕೋಟೆಯೊಳಗೆ ಸಿಕ್ಕಿಬಿದ್ದ ಅಶ್ವದಳ, ಸುತ್ತ ಆ ನೆಲದ ಮೂಲಜನ. ಅಮೆರಿಕದವರು ತೆಗೆದ ಮೂಲದಲ್ಲಾದರೆ ನಾಲ್ಕನೆಯ ರೀಲಿನಲ್ಲಿ ಕಹಳೆ ಮೊಳಗುತ್ತದೆ, ಸವಾರರು ನುಗ್ಗುತ್ತಾರೆ, ಗೆಲ್ಲುತ್ತಾರೆ. ಆದರೆ ಅದರ ಒಂದು ಪ್ರತಿ ಗದಗಿಗೆ ಬಂತು, ಡೇರೆ ಸಿನೆಮಾ ನಡೆಸುತ್ತಿದ್ದ ಜಗದೇವಪ್ಪ ಎಂಬವರ ಕೈಗೆ. ಆ ಮನುಷ್ಯ ಕತ್ತರಿ ಹಿಡಿದು ಕೂತು ನಾಲ್ಕನೆಯ ರೀಲನ್ನು ತುಂಡುತುಂಡು ಮಾಡಿ ಹಿಂದುಮುಂದಾಗಿ ಅಂಟಿಸಿದರು. ನಡುವೆ ತಾವೇ ಬರೆದ ಕನ್ನಡದ ಫಲಕಗಳನ್ನು ಸೇರಿಸಿದರು. ಡೇರೆಯ ಪರದೆಯ ಮೇಲೆ ಬಿಳಿಯ ಸವಾರರು ಬೆನ್ನು ತೋರಿಸಿ ಓಡಿದರು. ಗದಗಿನ ಜನ ಎದ್ದು ನಿಂತು ರುಮಾಲು ಹಾರಿಸಿದರಂತೆ. ಮೂರನೆಯ ದಿನ ಬ್ರಿಟಿಷ್ ಸರಕಾರದವರು ಬಂದು ಡೇರೆ ಬಿಚ್ಚಿಸಿದರಂತೆ.

ಜಗದೇವಪ್ಪನವರ ಮೊಮ್ಮಗನೇ ಉದಯಶಂಕರ್. ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದು ಇಪ್ಪತ್ತಾರು ವರ್ಷದಿಂದ ಲಂಡನ್ನಿನಲ್ಲಿ ನೆಲೆಸಿದವರು. ಅಜ್ಜನ ಆರು ಡಬ್ಬಿಗಳನ್ನು ತಾವಾಗಿಯೇ ಭಂಡಾರಕ್ಕೆ ದಾನ ಕೊಟ್ಟರು. ಮೂರು ತಿಂಗಳ ಹಿಂದೆ ಮನಸ್ಸು ಬದಲಾಗಿ, ವಾಪಸ್ಸು ಕೊಡಿ ಎಂದು ಕಚೇರಿಯಲ್ಲಿ ಮೇಜು ಗುದ್ದಿ ಜಗಳ ಆಡಿ ಹೋಗಿದ್ದರು. ಪೊಲೀಸರು ಅವರನ್ನು ಆಗಲೇ ಎರಡು ಸಲ ವಿಚಾರಿಸಿದ್ದರು.

"ಜಗಳಾ ಆಡಿದಾಂವ ಕಳ್ಳ ಆಗೂದು ಭಾಳ ಸಸಾರ," ಎಂದರು ವಿಶಾಲಾಕ್ಷಿ. "ಬುಧವಾರ ಒಂದು ಹತ್ತಕ್ಕ ನೀ ಎಲ್ಲಿದ್ದಿ?"

"ಪೊಲೀಸರಿಗೆ ಹೇಳಿದೀನಲ್ಲ. ಭಂಡಾರದ ಹಿಂದಿನ ಕಾಲುವೆ ದಂಡೇಲಿ ಊಟ ಮಾಡ್ತಿದ್ದೆ. ಅನಿರುದ್ಧನೂ ಬಂದಿದ್ದ. ಅವನೂ ಹಾಗೇ ಹೇಳಿದಾನೆ."

"ಅಂದ್ರ ಅವ ನಿನಗ ಸಾಕ್ಷಿ."

"ಹೌದು."

"ನೀ ಅವಗ ಸಾಕ್ಷಿ."

ಗಂಡನನ್ನು ಹೀಗೆ ಮಾತಿಗೆ ಎಳೆದದ್ದಕ್ಕೆ ಶರಣ್ಯಾಳಿಗೆ ಕಸಿವಿಸಿಯಾಯಿತು. ಅವಳು ಕಿಟಕಿಯ ಹೊರಗೆ ನೋಡಿದಳು. ಟಾರು ರಸ್ತೆಯ ಮೇಲೆ ಗಾಳಿ ಕುದಿಯುತ್ತಿತ್ತು.

*

ಬಾಗಿಲು ತೆರೆದವರು ಉದಯಶಂಕರ್ ಅವರ ಹೆಂಡತಿ ಕೃಷ್ಣವೇಣಿ. ಶರಣ್ಯಾಳನ್ನು ನೋಡುತ್ತಲೇ ಅವರ ಮುಖ ಬಿಳಿಚಿಕೊಂಡಿತು.

"ಬಾಮ್ಮ... ಬನ್ನಿ ಡಾಕ್ಟ್ರೇ. ಏನಿಷ್ಟು ಬಿಸಿಲಲ್ಲಿ? ಕಾಫಿ ಮಾಡ್ಲಾ, ಮಜ್ಜಿಗೆ ಕೊಡ್ಲಾ?"

ಬಾಗಿಲ ಹಿಂದೆ, ಗೂಟದಲ್ಲಿ, ಕಪ್ಪು ಕೊಡೆ ನೇತಾಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಶರಣ್ಯಾ ಮಾತಿಗೆ ನಿಲ್ಲದೆ ಒಳಗೆ ನುಗ್ಗಿದಳು. ಅವಳ ಮೂಗಿಗೆ ಆಗಲೇ ವಾಸನೆ ಬಡಿದಿತ್ತು, ಒಣಮೆಣಸಿನಕಾಯಿಯ ಘಾಟಿನ ಅಡಿಯಲ್ಲಿ ಹಳಸಲು ಸಿಹಿ, ಒದ್ದೆ ಕಾಲುಚೀಲದಂಥ ವಾಸನೆ. ಏಳು ವರ್ಷ ಆ ವಾಸನೆಯ ಜೊತೆಯಲ್ಲೇ ಕೆಲಸ ಮಾಡಿದವಳಿಗೆ ಅದು ಸಾವಿರದ ನಡುವೆಯೂ ತಿಳಿಯುತ್ತದೆ.

ಮನೆಯ ಹಿಂಬದಿಯಲ್ಲಿ ಗಾಜಿನ ಕೋಣೆ. ಲಂಡನ್ನಿನವರು ಚಳಿಗಾಲದಲ್ಲಿ ಕುಳಿತು ಚಹಾ ಕುಡಿಯಲೆಂದು ಕಟ್ಟಿಕೊಳ್ಳುವಂಥದ್ದು. ಕೃಷ್ಣವೇಣಿ ಅದನ್ನು ಅಪ್ಪಟ ಬೆಂಗಳೂರಿನ ತಾರಸಿ ಮಾಡಿಕೊಂಡಿದ್ದರು. ನೆಲದ ತುಂಬ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿ. ಕುರ್ಚಿಗಳ ಬೆನ್ನಿಗೆ ಬಿಸಿಲು ಕಾಯುತ್ತಿದ್ದ ರೇಷ್ಮೆ ಸೀರೆಗಳು.

ನಡುವೆ ಒಂದು ಹಳೆಯ ಬಿಳಿ ಪಂಚೆ ಹಾಸಿತ್ತು. ಅದರ ಮೇಲೆ ದೋಸೆಕಲ್ಲಿನಷ್ಟು ದೊಡ್ಡ, ಕಂದು ಬಣ್ಣದ, ದುಂಡನೆಯ ಕಲೆ.

ಶರಣ್ಯಾ ಯಂತ್ರ ಹಿಡಿದಳು. ನಲವತ್ತೇಳು.

"ಇಲ್ಲಿ... ಇಲ್ಲಿ ಬಿಸಿಲಿಗೆ ಹಾಕಿದ್ರಾ? ಆ ರೀಲನ್ನ?"

"ಒದ್ದೆಯಾಗಿ ಅಂಟಂಟಾಗಿತ್ತಮ್ಮ," ಎಂದರು ಕೃಷ್ಣವೇಣಿ, ತಪ್ಪು ಮಾಡಿದ ಮಗುವಿನಂತೆ ಸೆರಗು ಹಿಂಡುತ್ತ. "ಡಬ್ಬಿಗೆ ಕಚ್ಕೊಂಡಿತ್ತು, ಮೊಗಚೆಕೈಯಲ್ಲಿ ಎಬ್ಬಿಸಿದೆ. ಮುಗ್ಗಲು ವಾಸನೆ ಬೇರೆ. ಇಂಥ ಬಿಸಿಲು ಈ ಊರಲ್ಲಿ ಮತ್ತೆ ಯಾವಾಗ ಸಿಗುತ್ತೆ? ಎರಡು ದಿನ ಒಣಗಿದ್ರೆ ಸರಿಹೋಗುತ್ತೆ ಅನ್ಕೊಂಡೆ."

ಎರಡು ದಿನ. ಗಾಜಿನ ಗೂಡಿನಲ್ಲಿ. ಅದು ಹೊತ್ತಿಕೊಳ್ಳದೆ ಉಳಿದದ್ದೇ ಈ ಮನೆಯವರ ಪುಣ್ಯ. ಪಂಚೆಯ ಅಂಚಿನಲ್ಲಿ ಬೆರಳುದ್ದದ ಒಂದು ಫಿಲ್ಮ್ ತುಂಡು ಅಂಟಿಕೊಂಡಿತ್ತು. ಶರಣ್ಯಾ ಅದನ್ನು ಬೆಳಕಿಗೆ ಹಿಡಿದಳು. ಕುದುರೆಯ ಮೇಲೆ ಬಗ್ಗಿದ ಒಬ್ಬ ಸವಾರ, ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಅವನ ಬಾಯಿ ತೆರೆದಿತ್ತು. ಹೆದರಿದ ಮುಖ ಯಾವ ದೇಶದ್ದಾದರೂ ಒಂದೇ ಎಂದು ಅವಳಿಗೆ ಅನ್ನಿಸಿತು.

"ಈಗೆಲ್ಲಿ ಅದ ಅದು?" ವಿಶಾಲಾಕ್ಷಿಯವರ ದನಿ ಬದಲಾಗಿತ್ತು.

"ಅವರು ತಗೊಂಡು ಹೋದ್ರು. ಹನ್ನೆರಡು ಗಂಟೆಗೆ."

"ಯಾವುದರಾಗ ಹಾಕ್ಕೊಂಡು?"

"ಸ್ಟೀಲ್ ಡಬ್ಬೀಲಿ. ವಾಸನೆ ಬರಬಾರದು ಅಂತ ಮುಚ್ಚಳ ಒತ್ತಿ, ಮೇಲೆ ಫಾಯಿಲ್ ಸುತ್ತಿಕೊಟ್ಟೆ. ಟ್ಯೂಬಲ್ಲಿ ಹೋಗೋದಲ್ವಾ, ಜನ ಏನಾದ್ರೂ ಅನ್ಕೋತಾರೆ."

ಶರಣ್ಯಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಗಾಳಿಯಾಡದ ಡಬ್ಬಿ. ಕಾದ ರೀಲು ಒಳಗೊಳಗೇ ಹೊಗೆಯುಗುಳುತ್ತ ಇನ್ನೂ ಕಾಯುತ್ತದೆ. ಅದಕ್ಕಿಂತ ಕೆಟ್ಟ ಜಾಗ ಬೇಕೆಂದು ಹುಡುಕಿದರೂ ಸಿಗದು.

"ಎಲ್ಲಿಗೆ ಹೋದ್ರು? ಆಂಟಿ, ಅದು ಬಾಂಬ್ ಇದ್ದ ಹಾಗೆ. ಎಲ್ಲಿಗೆ ಹೋದ್ರು ಹೇಳಿ!"

ಕೃಷ್ಣವೇಣಿ ಅವಳನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಕಾಣಿಸಿದರು ಅವರು. ಶರಣ್ಯಾ ಅವರ ತೋಳು ಹಿಡಿದು ಅಲುಗಿಸಿದಳು.

"ನೀವು ಕದ್ದಿರೋದು ನಂಗೆ ಗೊತ್ತಾಗಿದೆ. ನಿಮ್ಮನ್ನ ಯಾರೂ ಜೈಲಿಗೆ ಹಾಕಲ್ಲ. ಎಲ್ಲಿದೆ ಅಂತ ಮಾತ್ರ ಹೇಳಿ!"

"ನಾವು ಕದ್ದಿಲ್ಲ!" ಕೃಷ್ಣವೇಣಿ ಚೀರಿದರು. "ದೇವರಾಣೆಗೂ ಇಲ್ಲ. ಶನಿವಾರ ತೋಟದ ಶೆಡ್ಡಲ್ಲಿ ಸಿಕ್ತು. ಹುಲ್ಲು ಕತ್ತರಿಸೋ ಮಷೀನ್ ತೆಗೆಯೋಕೆ ಹೋದಾಗ, ಹಿಂದೆ, ಗೋಣಿ ಕೆಳಗೆ. ಅವರಂತೂ ನಡುಗಿಹೋದ್ರು. ಪೊಲೀಸರು ಎರಡು ಸಲ ಬಂದಾಗಿದೆ, ಈಗ ನಮ್ಮನೇಲೇ ಸಿಕ್ರೆ ಯಾರು ನಂಬ್ತಾರೆ? ಡಬ್ಬಿ ಮೇಲೆ ಕಪ್ಪು ಗೆರೆ ಗೆರೆ ಸ್ಟಿಕ್ಕರ್ ಇತ್ತಲ್ಲ, ಅದು ಟ್ರ್ಯಾಕರ್ ಇರಬಹುದು, ಮೊದಲು ಅದನ್ನ ಮನೆಯಿಂದ ಆಚೆ ಹಾಕು ಅಂದ್ರು. ಅದಕ್ಕೇ ಬೆಳಿಗ್ಗೆ ನಾನೇ ಹೋಗಿ ಇಟ್ಟುಬಂದೆ."

"ಸಕ್ಕರಿ ಹಾಕಿ," ಎಂದರು ವಿಶಾಲಾಕ್ಷಿ.

"ಖಾಲಿ ಡಬ್ಬಿ ಹೇಗೆ ಡಾಕ್ಟ್ರೇ ಕೊಡೋದು?"

ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು. ವಿಶಾಲಾಕ್ಷಿ ಕುರ್ಚಿಯ ಮೇಲಿನ ಸೀರೆ ಸರಿಸಿ ಕೃಷ್ಣವೇಣಿಯವರನ್ನು ಕೂರಿಸಿದರು. ತಾವು ಎದುರಿಗೆ ಬಗ್ಗಿ ನಿಂತರು.

"ಕೃಷ್ಣವೇಣಿ, ನಿಮ್ಮ ಮಾತು ನಾ ನಂಬತೀನಿ. ಶೆಡ್ಡಿಗೆ ಬೀಗ ಅದ ಇಲ್ಲೋ?"

"ಇದೆ."

"ಮುರದಿತ್ತೇನು?"

"ಇಲ್ಲ."

"ಕೀಲಿ ಯಾರ ಕಡೆ ಅದ?"

ಕೃಷ್ಣವೇಣಿ ಬಗ್ಗಿ ನೆಲದ ಹಪ್ಪಳವೊಂದನ್ನು ಮಗುಚಿ ಹಾಕಿದರು.

"ನಿಮ್ಮ ಯಜಮಾನ್ರ ಕಡೆ ಒಂದು. ಇನ್ನೊಂದು?"

ಕೃಷ್ಣವೇಣಿ ಮತ್ತೆ ಶರಣ್ಯಾಳತ್ತ ನೋಡಿದರು. ಬಾಗಿಲು ತೆರೆದಾಗಿನಿಂದ ಆ ನೋಟದಲ್ಲಿದ್ದದ್ದು ಕಳ್ಳತನದ ಅಳುಕೆಂದು ಶರಣ್ಯಾ ತಿಳಿದಿದ್ದಳು. ಈಗ ಹತ್ತಿರದಿಂದ ಕಂಡಾಗ ಅದು ಅಳುಕಲ್ಲ, ಕನಿಕರ. ಗಂಡ ಸತ್ತ ಸುದ್ದಿಯನ್ನು ಇನ್ನೂ ಕೇಳದವಳನ್ನು ನೋಡುವ ಹಾಗೆ ಅವರು ಅವಳನ್ನು ನೋಡುತ್ತಿದ್ದರು.

"ಆಂಟಿ?"

"ಏಪ್ರಿಲ್‌ನಲ್ಲಿ ನೀವು ಮನೆ ಬದಲಾಯಿಸಿದ್ರಲ್ಲಮ್ಮ," ಎಂದರು ಕೃಷ್ಣವೇಣಿ ಮೆಲ್ಲಗೆ. "ನಿಮ್ಮ ಪೆಟ್ಟಿಗೆಗಳನ್ನ ಒಂದು ತಿಂಗಳು ನಮ್ಮ ಶೆಡ್ಡಲ್ಲಿ ಇಟ್ಟಿದ್ರಲ್ಲ. ಅವಾಗ ಅನಿರುದ್ಧನಿಗೆ ಕೊಟ್ಟ ಕೀ ವಾಪಸ್ ಬಂದಿಲ್ಲ. ನಿನ್ನ ಹತ್ರ ಹೇಗೆ ಹೇಳೋದು ಅಂತ ಇಬ್ಬರೂ ರಾತ್ರಿಯೆಲ್ಲ ಒದ್ದಾಡಿದ್ವಿ. ಹುಡುಗನ್ನ ಒಂದ್ಸಲ ಮುಖಕ್ಕೆ ಮುಖ ಕೇಳಿಬಿಡ್ತೀನಿ, ಪೊಲೀಸ್‌ಗೆ ಹೋಗೋದು ಬೇಡ ಅಂತ ಅವರು... ಅವರು ನಿಮ್ಮನೆಗೇ ಹೋಗಿದಾರೆ, ಶರಣ್ಯಾ. ರೇನರ್ಸ್ ಲೇನ್‌ಗೆ."

ಶರಣ್ಯಾ ಇಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು.

"ಬುಧವಾರ," ಎಂದರು ವಿಶಾಲಾಕ್ಷಿ, ಈ ಸಲ ಬಹಳ ಮೃದುವಾಗಿ. "ಊಟಕ್ಕ ಕೂತಾಗ ಅವ ನಿನ್ನ ಬಿಟ್ಟು ಎದ್ದು ಹೋಗಿದ್ದನೇನು?"

"ಇಲ್ಲ. ಅಂದ್ರೆ... ನೀರಿನ ಬಾಟ್ಲಿ ನನ್ನ ಟೇಬಲ್ ಮೇಲೆ ಬಿಟ್ಟುಬಂದಿದ್ದೆ. ಅವನೇ ತರ್ತೀನಿ ಅಂತ ಹೋದ. ರಿಸೆಪ್ಷನ್‌ನವಳಿಗೆ ಅವನು ಗೊತ್ತು. ಹತ್ತು ನಿಮಿಷ... ಹತ್ತು ನಿಮಿಷವೂ ಆಗಿರಲಿಲ್ಲ."

"ಕಾರ್ಡು ಎಲ್ಲಿತ್ತು?"

"ಬಾಟ್ಲಿ ಪಕ್ಕದಲ್ಲಿ."

ಹೇಳುತ್ತ ಹೇಳುತ್ತ ಅವಳಿಗೆ ಉಳಿದದ್ದೂ ನೆನಪಾಯಿತು. ತಿಂಗಳುಗಟ್ಟಲೆ ಊಟದ ಹೊತ್ತಿಗೆ ಅನಿರುದ್ಧ ಅವಳ ಕೆಲಸದ ವಿಷಯ ಕೇಳುತ್ತಿದ್ದ. ಯಾವ ರೀಲು ಎಲ್ಲಿದೆ, ಅಂಥದ್ದು ಜಗತ್ತಿನಲ್ಲಿ ಎಷ್ಟಿವೆ, ಒಂದು ಇಡೀ ರೀಲು ಹೊತ್ತಿಕೊಂಡರೆ ಏನೂ ಗುರುತು ಉಳಿಯೋದಿಲ್ಲವೇ ಎಂದೆಲ್ಲ. ಆರು ವರ್ಷದ ಮದುವೆಯಲ್ಲಿ ಮೊದಲ ಸಲ ತನ್ನ ಕೆಲಸವನ್ನು ಗಂಡ ಇಷ್ಟು ಆಸೆಯಿಂದ ಕೇಳುತ್ತಿದ್ದಾನೆಂದು ಅವಳು ಉಬ್ಬಿಹೋಗಿದ್ದಳು. ಇನ್ನೊಂದು ಚಪಾತಿ ಬಡಿಸಿ ಎಲ್ಲವನ್ನೂ ಬಿಡಿಸಿ ಹೇಳಿದ್ದಳು.

"ಬೇಲೀನ ಎದ್ದು ಹೊಲಾ ಮೇದದ," ಎಂದು ಗೊಣಗಿದ ವಿಶಾಲಾಕ್ಷಿ ಆಗಲೇ ತಮ್ಮ ಫೋನಿನಲ್ಲಿ ತುರ್ತು ಸಂಖ್ಯೆ 999 ಒತ್ತುತ್ತಿದ್ದರು. "ಅಡ್ರೆಸ್ ಹೇಳು. ಎಷ್ಟನೇ ಮಹಡಿ?"

"ನಾಲ್ಕನೇದು. ಕೆಳಗೆ ದಿನಸಿ ಅಂಗಡಿ. ಇಪ್ಪತ್ತೆರಡು ಮನೆ ಇವೆ, ಡಾಕ್ಟ್ರೇ. ಎಲ್ಲರನ್ನೂ ಆಚೆ ಕಳಿಸೋಕೆ ಹೇಳಿ. ನೀರು ಹೊಡೆದ್ರೆ ಆರಲ್ಲ ಅಂತ ಹೇಳಿ!"

ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಶರಣ್ಯಾ ತನ್ನ ಫೋನು ತೆಗೆದಳು. ಬೆವರಿದ ಬೆರಳಿಗೆ ತೆರೆ ಸ್ಪಂದಿಸಲಿಲ್ಲ, ಸೀರೆಯೊಂದಕ್ಕೆ ಒರೆಸಿಕೊಂಡು ಮತ್ತೆ ಒತ್ತಿದಳು. ಕೃಷ್ಣವೇಣಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ನಾಲ್ಕು ಸಲ ರಿಂಗಾಯಿತು.

"ಹೇಳು ಶರು." ಎಂದಿನದೇ ದನಿ, ಸ್ವಲ್ಪ ಏದುಸಿರು.

"ಎಲ್ಲಿದೀಯ?"

"ಆಫೀಸಲ್ಲಿ. ಮೀಟಿಂಗ್ ಶುರುವಾಗ್ತಿದೆ."

"ಉದಯಶಂಕರ್ ಅಂಕಲ್ ಸಿಕ್ಕಿದ್ರಾ?"

"ಇಲ್ವಲ್ಲ. ಅವರ್ಯಾಕೆ ಸಿಕ್ತಾರೆ?"

ಕೇಳಬೇಕಾದ ಪ್ರಶ್ನೆಗಳು ನೂರಿದ್ದವು. ಯಾಕೆ ಮಾಡಿದೆ, ಯಾರಿಗೋಸ್ಕರ ಮಾಡಿದೆ, ನನ್ನ ಕಾರ್ಡೇ ಬೇಕಾಗಿತ್ತಾ? ಬೈಯಲು ಬದುಕು ಬಿದ್ದಿದೆ ಎಂದು ಅವಳು ಎಲ್ಲವನ್ನೂ ನುಂಗಿಕೊಂಡಳು. ಸುಳ್ಳು ಹೇಳಲಿ, ಬದುಕಿ ಸುಳ್ಳು ಹೇಳಲಿ.

"ಅನಿ, ನೀನು ಎಲ್ಲೇ ಇರು, ನಾನು ಹೇಳೋದು ಕೇಳು. ಅವರ ಹತ್ರ ಒಂದು ಸ್ಟೀಲ್ ಡಬ್ಬಿ ಇದೆ. ಅದರ ಮುಚ್ಚಳ ತೆಗೀಬಾರದು. ನೀರು ಹಾಕಬಾರದು. ಮನೇಲಿದ್ರೆ ಅದನ್ನ ಅಲ್ಲೇ ಬಿಟ್ಟು ಇಬ್ಬರೂ ಕೆಳಗಿಳೀರಿ. ಈಗಲೇ. ನಾನು ನಿನ್ನ ಏನೂ ಕೇಳಲ್ಲ, ಆಣೆ. ಬರೀ ಆಚೆ ಬನ್ನಿ."

ಆ ಕಡೆಯಿಂದ ಒಂದು ಕೆಮ್ಮು, ಇನ್ನೊಂದು ಕೆಮ್ಮು.

"ಮುಚ್ಚಳ ಅವರೇ ತೆಗೆದ್ರು, ಶರು," ಎಂದ ಅನಿರುದ್ಧ. ದನಿಯಲ್ಲಿದ್ದ ಆಫೀಸು, ಮೀಟಿಂಗು ಎಲ್ಲ ಉದುರಿಹೋಗಿತ್ತು. "ನಂಗೆ ತೋರಿಸ್ತೀನಿ ಅಂತ ನಮ್ಮ ಬೆಡ್‌ರೂಮಲ್ಲಿ ತೆಗೆದ್ರು. ಹಳದಿ ಹೊಗೆ ಬಂತು. ಕೆಮ್ಮಿ ಬಿದ್ದುಬಿಟ್ರು. ಮಿಸುಕಾಡ್ತಾ ಇಲ್ಲ. ಮುಗೀತು ಅನ್ಸುತ್ತೆ. ನಾನು ಬಾಗಿಲು ಹಾಕ್ಕೊಂಡು ಹಾಲ್‌ಗೆ ಬಂದಿದೀನಿ."

ಕೃಷ್ಣವೇಣಿ ಸದ್ದಿಲ್ಲದೆ ಕುರ್ಚಿಯಿಂದ ಜಾರಿ ಹಪ್ಪಳಗಳ ಮೇಲೆ ಕುಸಿದು ಕುಳಿತರು. ಶರಣ್ಯಾ ಅವರ ಹೆಗಲು ಹಿಡಿದಳು.

ಆಗ ಫೋನಿನಲ್ಲಿ ಕೇಳಿಸಿತು. ಮರದ ಬಾಗಿಲಿಗೆ ಒಳಗಿನಿಂದ ಅಂಗೈ ಬಡಿಯುವ ಸದ್ದು. ಒಂದು. ಎರಡು. ಸ್ವಲ್ಪ ತಡೆದು, ಮೂರು. ಅದರ ಹಿಂದೆಯೇ ಕೆಮ್ಮಿನಲ್ಲಿ ಸಿಕ್ಕಿಕೊಂಡ ಮುದಿ ಗಂಡಸಿನ ದನಿ.

"ಅವರೇ!" ಕೃಷ್ಣವೇಣಿ ತಟ್ಟನೆ ತಲೆಯೆತ್ತಿದರು. "ಅವರದೇ ದನಿ! ಬದುಕಿದಾರೆ!"

"ಅನಿ, ಅವರು ಬಾಗಿಲು ಬಡೀತಿದಾರೆ," ಶರಣ್ಯಾ ಕಿರುಚಿದಳು. "ತೆಗಿ. ಬೇಗ ಬಾಗಿಲು ತೆಗಿ!"

"ಯಾರು?" ಎಂದ ಅನಿರುದ್ಧ. "ನಂಗೇನೂ ಕೇಳಿಸ್ತಾ ಇಲ್ವಲ್ಲ, ಶರು."